ಆಕಳಿಸಿದಾಗ ಏಳುವ ಕೈ

ನನ್ನ ದೊಡ್ಡಪ್ಪನಿಗೆ ಲಕ್ವ ಹೊಡೆದಿದೆ ಎಂಬುದನ್ನು ಊರು ನಂಬಿದ್ದು ಕೆಲವೇ ದಿನ. ಆಮೇಲೊಂದು ಮಧ್ಯಾಹ್ನ, ಅಲುಗಾಡದೆ ಬಿದ್ದಿದ್ದ ಆತನ ಬಲಗೈ ಎದೆಯ ಮಟ್ಟಕ್ಕೆ ಎದ್ದು ಇಳಿದದ್ದನ್ನು ಮೊಸರು ಕೊಡಲು ಬಂದಿದ್ದ ಪಕ್ಕದ ಮನೆಯ ಹೆಂಗಸು ನೋಡಿದಳು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಸ್ವಲ್ಪ ದಿನದಲ್ಲೇ ಶಿಗ್ಗಾವಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ನಾನು ಯಾರೆಂದು ತಿಳಿಯದ ಒಬ್ಬ ಜೋಳದ ವ್ಯಾಪಾರಿ ಆ ಸುದ್ದಿಯನ್ನು ನನಗೇ ಹೇಳಿದ.

“ಆಡೂರ ಕಡೆ ಒಬ್ಬ ಹಿರೇಮನಷ್ಯಾ ಅದಾನಂತ್ರಿ. ಬದು ನಡಿಯಾಕ ಒಲ್ಲೆ ಅನ್ನೂದಕ್ಕ ಲಕ್ವ ಹೊಡಸ್ಕೊಂಡು ಮಲಗ್ಯಾನ. ಹಗಲೆಲ್ಲಾ ಲಕ್ವ, ಆಕಳಿಕಿ ಬಂದಾಗ ಲಕ್ವ ಮರತ ಬಿಡತಾನ.”

ಸುತ್ತ ಕುಳಿತವರು ನಕ್ಕರು. ನಾನು ಚಹಾ ಕುಡಿದು ಎದ್ದೆ.

ಅವು ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹಾನಗಲ್ಲಿನಲ್ಲಿ ಒಂದು ಕೋಣೆ ಹಿಡಿದು, ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಮಳೆ, ಪೇಟೆಯ ಧಾರಣೆ, ಒಡೆದ ಕೆರೆ, ಬಂದುಹೋದ ಮಂತ್ರಿ, ಇಷ್ಟೇ ಸುದ್ದಿ. ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡ ಎಂದು ನಮ್ಮ ಸಂಪಾದಕರು ಹೇಳುತ್ತಿದ್ದರು. ಈ ಪ್ರಸಂಗದಲ್ಲಿ ನಾನು ಕಂಡದ್ದು ಹೆಚ್ಚು, ಕೇಳಿದ್ದು ಸ್ವಲ್ಪ. ಯಾವುದು ಯಾವುದೆಂದು ಹೇಳುತ್ತಲೇ ಹೋಗುತ್ತೇನೆ.

ಹಿಂದಿನ ಮಳೆಗಾಲದಲ್ಲಿ ಊರ ಹಳ್ಳ ಉಕ್ಕಿ, ಎರಡು ಹೊಲಗಳ ನಡುವಿನ ಬದುವನ್ನೂ ಅದರ ಗುರುತಿನ ಬಾಂದಗಲ್ಲುಗಳನ್ನೂ ಹೊತ್ತುಕೊಂಡು ಹೋಗಿತ್ತು. ಒಂದು ಹೊಲ ನನ್ನ ದೊಡ್ಡವ್ವನ ತಮ್ಮನದು. ಆಕೆ ಅದೇ ಊರಿನ ಹೆಣ್ಣು. ಇನ್ನೊಂದು ಹೊಲದವನು ಅರವತ್ತು ದಾಟಿದ, ಒರಟು ಮಾತಿನ ಮನುಷ್ಯ. ಊರಲ್ಲಿ ಎಲ್ಲರೂ ಅವನನ್ನು ಯಜಮಾನ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಬದು ಎಲ್ಲಿತ್ತೆಂಬುದರ ಬಗ್ಗೆ ಇಬ್ಬರ ಮಾತೂ ಕೂಡಲಿಲ್ಲ; ಅಲ್ಲಿನ ಬೇವಿನ ಗಿಡದ ಆಚೆ ಎಂದು ದೊಡ್ಡವ್ವನ ತಮ್ಮ, ಈಚೆ ಎಂದು ಯಜಮಾನ. ಮೋಜಣಿಗೆ ಅರ್ಜಿ ಹೋಗಿತ್ತು. ಅಳೆಯುವವನು ಬರುವ ದಿನ ಮುಂದೆ ಮುಂದೆ ಹೋಗುತ್ತಿತ್ತು. ಬಿತ್ತನೆ ಕಾಯುವುದಿಲ್ಲ.

ಆಗ ಪಂಚರು ಹಳೆಯ ಪದ್ಧತಿಯನ್ನು ಹೇಳಿದರು. ಬದುವನ್ನು ಬಲ್ಲ ಹಿರಿಯನೊಬ್ಬ ಮಿಂದು, ಒದ್ದೆ ಧೋತರದಲ್ಲಿ, ತಲೆಯ ಮೇಲೆ ಆ ಹೊಲದ ಮಣ್ಣಿನ ಒಂದು ಹೆಂಟೆ ಇಟ್ಟುಕೊಂಡು, ಬಲಗಾಲು ಮುಂದಿಟ್ಟು ಈ ತುದಿಯಿಂದ ಆ ತುದಿಗೆ ನಡೆಯಬೇಕು. ಯಾರೂ ಮಾತಾಡಿಸಬಾರದು, ಯಾರೂ ಮುಟ್ಟಬಾರದು. ಆತನ ಹಿಂದೆ ಬರುವವರು ಆತನ ಬಲಗಾಲು ಬಿದ್ದಲ್ಲೆಲ್ಲ ಕಲ್ಲು ಇಡುತ್ತಾರೆ. ಅದೇ ಗಡಿ. ಸುಳ್ಳು ನಡೆದವನ ಕಾಲು ಮುಂದೆ ಅವನ ಮಾತು ಕೇಳುವುದಿಲ್ಲ ಎಂದು ನಂಬಿಕೆ.

ದೊಡ್ಡಪ್ಪನನ್ನು ಆರಿಸಲು ಕಾರಣವಿತ್ತು. ಹರೆಯದಲ್ಲಿ ಆತ ಆ ಎರಡೂ ಹೊಲಗಳನ್ನು ಪಾಲಿಗೆ ಹಿಡಿದು ಉತ್ತಿದ್ದ. ಅಲ್ಲದೆ ಆತನ ಮಾತಿಗೆ ಬೆಲೆಯಿತ್ತು. ಎತ್ತಿನ ಹಲ್ಲು ನೋಡಿ ಆತ ವಯಸ್ಸು ಹೇಳಿದರೆ ಮಾರುವವನೂ ಕೊಳ್ಳುವವನೂ ಮರುಮಾತಾಡುತ್ತಿರಲಿಲ್ಲ. ಹೆಂಡತಿಯ ತಮ್ಮನ ಹೊಲ ಎಂದು ಗೊತ್ತಿದ್ದೂ ಯಜಮಾನ ಆತನನ್ನೇ ಒಪ್ಪಿದ.

ನಡೆಯುವ ದಿನದ ಹಿಂದಿನ ಬೆಳಿಗ್ಗೆ ದೊಡ್ಡಪ್ಪ ಬಚ್ಚಲಲ್ಲಿ ಬಿದ್ದ. ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಬಲಗೈಯಿಂದ ತಂಬಿಗೆ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಬಲಕ್ಕೆ ಹೊರಳಿದ. ಎತ್ತಿ ತಂದು ಪಡಸಾಲೆಯಲ್ಲಿ ಮಲಗಿಸಿದಾಗ ಬಲಗೈ, ಬಲಗಾಲು ಎರಡೂ ಜೋತುಬಿದ್ದಿದ್ದವು. ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಮಾತು ಹೋಗಿತ್ತು. ಉಳಿದದ್ದು ಒಂದೇ ಶಬ್ದ, “ಆತು.” ನೀರು ಬೇಕೇ ಎಂದರೂ ಆತು, ನೋವಿದೆಯೇ ಎಂದರೂ ಆತು.

ದೊಡ್ಡವ್ವನ ತಮ್ಮ ದೊಡ್ಡಪ್ಪನ ಕಿವಿಯ ಹತ್ತಿರ ಬಗ್ಗಿ, “ಬದು ಬೇವಿನ ಗಿಡದ ಆಚೆ ಐತಲ್ಲೇನ್ರಿ ಮಾವಾರ?” ಎಂದು ಕೇಳಿದ. ಆತು ಎಂಬ ಉತ್ತರ ಬಂತು. ಅವನು ಅದನ್ನು ಊರ ತುಂಬ ಹೇಳಿಕೊಂಡು ಬಂದ. ಯಜಮಾನ ಮರುದಿನವೇ ಬಂದು, “ಬೇವಿನ ಗಿಡದ ಈಚೆ ಅಲ್ಲೇನೋ?” ಎಂದ. ಅದಕ್ಕೂ ಆತು ಎಂದೇ ಬಂತು. ಯಜಮಾನ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಎರಡೂ ಕಡಿಗೆ ಆತು ಅನ್ನಾವಗ ತಲಿ ಸರಿ ಐತಿ ಅಂತ ಅರ್ಥ,” ಎಂದು ಹೇಳಿ ಹೋದನಂತೆ.

ಅನುಮಾನಕ್ಕೆ ಊರು ಕೊಟ್ಟ ಕಾರಣ ಸರಳವಾಗಿತ್ತು. ನಡೆದ ಗೆರೆ ಹೆಂಡತಿಯ ತಮ್ಮನಿಗೆ ವಿರುದ್ಧವಾದರೆ ಮನೆಯಲ್ಲಿ ಇರಲಾಗದು. ಪರವಾದರೆ ಊರಲ್ಲಿ ಇರಲಾಗದು. ಬಿದ್ದರೆ ಎರಡೂ ತಪ್ಪುತ್ತವೆ. ಬಿದ್ದದ್ದೂ ಸರಿಯಾಗಿ ನಡೆಯಬೇಕಾದ ಬಲಗಾಲಿನ ಕಡೆಗೇ.

ಇದರ ಮೇಲೆ ಕೈ ಎದ್ದ ಸುದ್ದಿ ಬಂತು. ನಮ್ಮ ಕಡೆ ಆಕಳಿಕೆ ಬಂದರೆ ಬಾಯಿಯ ಮುಂದೆ ಚಿಟಿಕೆ ಹೊಡೆದು “ಶಿವ ಶಿವಾ” ಎನ್ನುತ್ತಾರೆ. ದೊಡ್ಡಪ್ಪ ಆಕಳಿಸಿದಾಗ ಆ ಸತ್ತ ಬಲಗೈ ಬಾಯಿಯ ಕಡೆಗೆ ಏಳುತ್ತಿತ್ತು. ಅದರ ಜೊತೆಗೆ, ಆತು ಬಿಟ್ಟು ಬೇರೆ ಬಾರದ ಬಾಯಲ್ಲಿ “ಶಿವಾ” ಎಂಬುದು ಸ್ಪಷ್ಟವಾಗಿ ಬರುತ್ತಿತ್ತು. ಊರವರಿಗೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಜೀವಮಾನದ ಚಿಟಿಕೆಯ ರೂಢಿ, ಸೋಗು ಹಾಕಿದ್ದನ್ನು ಮರೆಸಿ ಕೈ ಎತ್ತಿಸಿತು ಎಂದು ಅವರು ತೀರ್ಮಾನಿಸಿದರು.

ನಾನು ಊರಿಗೆ ಹೋದ ದಿನ ದೊಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ದೊಡ್ಡಪ್ಪ ಜೋಳದ ಚೀಲಕ್ಕೆ ಒರಗಿ ಕುಳಿತಿದ್ದ. ನನ್ನನ್ನು ನೋಡಿ ಕಣ್ಣು ತುಂಬಿಕೊಂಡ. ನಾನು ಸ್ವಲ್ಪ ಹೊತ್ತು ಕುಳಿತು ಒಳಗೆ ಬಂದೆ.

“ಊರಾಗ ಏನ ಮಾತಾಡತಾರ, ಕೇಳೀಯೇನು?” ಎಂದಳು ದೊಡ್ಡವ್ವ, ತಲೆ ಎತ್ತದೆ.

“ಶಿಗ್ಗಾವ್ಯಾಗ ಕೇಳಿದೆ.”

“ಶಿಗ್ಗಾವಿ ತನಕಾ ಹೋತು? ಭಾಳ ಚಲೋ ಆತು.” ರೊಟ್ಟಿಯನ್ನು ಹಂಚಿಗೆ ಹಾಕಿ, ಧ್ವನಿ ಇಳಿಸಿ ಹೇಳಿದಳು. “ನಾನೂ ನೋಡೇನಿ. ಕೈ ಏಳತೈತಿ. ಉಣಸೂದು ನಾನ, ತೊಳಿಯೂದು ನಾನ. ತುತ್ತು ಹಿಡ್ಕೊಳ್ರಿ ಅಂದ್ರ ಏಳೂದಿಲ್ಲ. ಆಕಳಿಕಿ ಬಂತಂದ್ರ ಏಳತೈತಿ. ಯಾರನ್ನ ನಂಬಲಿ ನಾನು?”

“ಬೇಕಂತ ಮಾಡಾಕತ್ತಾನ ಅಂತೀ ಏನು?”

“ನನ್ನ ತಮ್ಮನ ಸಲುವಾಗಿ ಮಾಡಾಕತ್ತಾರೇನೋ ಅಂತೇನಿ. ಹಂಗಿದ್ರ ನನಗ ಹೇಳಬೇಕಾಗಿತ್ತಿಲ್ಲ? ಮೂವತ್ತು ವರ್ಷ ಸಂಸಾರ ಮಾಡೇನಿ. ನನ್ನ ಮುಂದೂ ಸೋಗೇನು?”

ಆಕೆಗೆ ಸಿಟ್ಟಿತ್ತು. ಆದರೆ ಆಕೆಯ ನಿಜವಾದ ಸಂಕಟ ಬೇರೆಯಾಗಿತ್ತು. ಯಜಮಾನನ ಬೀಗರು ಹಿರೇಕೆರೂರು ಕಡೆಯವರು. ಅಲ್ಲೊಬ್ಬ ಮುದುಕ ಲಕ್ವಕ್ಕೆ ಬರೆ ಹಾಕುವುದರಲ್ಲಿ ಹೆಸರಾದವನಿದ್ದ. ಕುಡುಗೋಲಿನ ತುದಿಯನ್ನು ಕೆಂಪಗೆ ಕಾಯಿಸಿ ಅಂಗಾಲಿಗೂ ಅಂಗೈಗೂ ಎಳೆಯುತ್ತಿದ್ದ. ಅವನನ್ನು ಕರೆಸಬೇಕೆಂದು ಯಜಮಾನ ಪಂಚರ ಮುಂದೆ ಹೇಳಿದ್ದ. ಅವನ ಮಾತಿಗೆ ಎದುರು ಹೇಳುವುದೂ ಕಷ್ಟವಿತ್ತು. “ಖರೇ ಲಕ್ವ ಇದ್ರ ಬರಿಗೆ ವಾಸಿ ಆಗತೈತಿ. ಸುಳ್ಳಿದ್ರ ಕಾಲು ಎಳಕೋತಾನ. ಎರಡರಾಗ ಒಂದು ಆಗೇ ಆಗತೈತಿ, ನಷ್ಟ ಏನೈತಿ?” ಎಂದಿದ್ದ. ಪಂಚರು ಬರುವ ಸೋಮವಾರಕ್ಕೆ ಮಾತು ಕೊಟ್ಟಿದ್ದರು.

ಸವಣೂರಿನಲ್ಲಿ ಸ್ವಂತ ದವಾಖಾನೆ ಇಟ್ಟುಕೊಂಡಿದ್ದ ಒಬ್ಬ ಡಾಕ್ಟರು ನನಗೆ ಪರಿಚಯದವರು. ಕಾಲರಾ ಬಂದ ವರ್ಷ ಸುದ್ದಿಗಾಗಿ ಅವರ ಹತ್ತಿರ ಓಡಾಡಿದ್ದೆ. ಎಲ್ಲವನ್ನೂ ಹೇಳಿದಾಗ ಅವರು ಕೇಳಿದ್ದು ಒಂದೇ. “ಆಕಳಿಸಿದಾಗ ಕೈ ಏಳತೈತಿ ಅಂದ್ರಿ? ನೀವು ನೋಡೀರೇನು, ಬರೇ ಕೇಳೀರೋ?” ಕೇಳಿದ್ದು ಎಂದೆ. ರವಿವಾರ ಬರುತ್ತೇನೆಂದರು. ಬಸ್ಸಿನಿಂದ ಇಳಿದು ಚಕ್ಕಡಿಯಲ್ಲಿ ಊರಿಗೆ ಹೋದೆವು.

ಅವರು ದೊಡ್ಡಪ್ಪನನ್ನು ಬಹಳ ಹೊತ್ತು ನೋಡಿದರು. ಬಲಗೈ ಎತ್ತು ಎಂದರು. ದೊಡ್ಡಪ್ಪನ ಎಡ ಭುಜ ಏರಿತು, ಕತ್ತಿನ ನರ ಉಬ್ಬಿದವು, ಹಣೆಯಲ್ಲಿ ಬೆವರು ಬಂತು, ಬಲಗೈ ಇದ್ದಲ್ಲೇ ಇತ್ತು. ಮೊಣಕಾಲ ಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ಹೊಡೆದರು. ಎಡಗಾಲು ಸ್ವಲ್ಪ ಚಿಮ್ಮಿತು. ಸತ್ತದ್ದೆಂದು ಹೇಳುತ್ತಿದ್ದ ಬಲಗಾಲು ಅದಕ್ಕಿಂತ ಜೋರಾಗಿ ಚಿಮ್ಮಿತು. ಕಂಬದ ಹತ್ತಿರ ನಿಂತಿದ್ದ ದೊಡ್ಡವ್ವ ನನ್ನ ಮುಖ ನೋಡಿದಳು. ಆಕೆಯ ನೋಟದಲ್ಲಿ ಏನಿತ್ತೆಂದು ಬರೆಯಬೇಕಾಗಿಲ್ಲ.

ಆಮೇಲೆ ಡಾಕ್ಟರು ತಮ್ಮ ಚೀಲದ ಕೀಲಿಕೈ ತೆಗೆದು, ಅದರ ಹಿಡಿಯಿಂದ ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರಿದರು. ಎಡಗಾಲಿನ ಬೆರಳುಗಳು ಕೆಳಗೆ ಮಡಚಿಕೊಂಡವು. ಬಲಗಾಲಿನಲ್ಲಿ ಹೆಬ್ಬೆರಳು ನಿಧಾನವಾಗಿ ಮೇಲಕ್ಕೆದ್ದಿತು, ಉಳಿದವು ಬೀಸಣಿಗೆಯಂತೆ ಅಗಲವಾದವು.

“ಇದು ಬೇಕಂತ ಮಾಡಾಕ ಬರೂದಿಲ್ಲ ತಾಯಿ,” ಎಂದರು. “ಹಸುಗೂಸಿಗೆ ಎಣ್ಣಿ ಹಚ್ಚಿ ಎರಿತೀರಲ್ಲ, ಅಂಗಾಲು ತಿಕ್ಕಿದ್ರ ಹೆಬ್ಬೆರಳು ಹೀಂಗ ಏಳೂದಿಲ್ಲೇನು?”

“ಏಳತೈತ್ರಿ,” ಎಂದಳು ದೊಡ್ಡವ್ವ. “ಕೂಸಿಗೆ ಏಳತೈತಿ. ಇವರೇನು ಕೂಸೇನ್ರಿ?”

ಡಾಕ್ಟರು ಚಾಪೆಯ ಮೇಲೆ ಕುಳಿತು ಆಕೆಗೆ ವಿವರಿಸಿದರು. ಅದನ್ನು ನೆನಪಿದ್ದಷ್ಟು ಕೊಡುತ್ತೇನೆ. ಕೈ ಎತ್ತಬೇಕೆಂಬ ಅಪ್ಪಣೆ ಹೊರಡುವುದು ನೆತ್ತಿಯ ಕೆಳಗಿನ ಮೆದುಳಿನಿಂದ. ಎಡಗಡೆಯ ಮೆದುಳು ಬಲಗೈಯನ್ನು ಆಳುತ್ತದೆ, ಬಲಗಡೆಯದು ಎಡಗೈಯನ್ನು. ಅಪ್ಪಣೆಯ ದಾರಿ ಹೆಡತಲೆಯ ಹತ್ತಿರ ಈ ಪಕ್ಕದಿಂದ ಆ ಪಕ್ಕಕ್ಕೆ ದಾಟಿ, ಬೆನ್ನೆಲುಬಿನ ಒಳಗಿನ ಬಳ್ಳಿಯಲ್ಲಿ ಇಳಿಯುತ್ತದೆ. ಕಿರುಬೆರಳಿನಷ್ಟು ದಪ್ಪದ ಆ ಬಳ್ಳಿಯಿಂದ ನರಗಳು ಹೊರಟು ಕೈಕಾಲಿನ ಸ್ನಾಯುಗಳಿಗೆ ಹೋಗುತ್ತವೆ. ದೊಡ್ಡಪ್ಪನ ತಲೆಯ ಎಡಭಾಗದಲ್ಲಿ ಒಂದು ರಕ್ತನಾಳ ಕೆಟ್ಟು, ಆ ದಾರಿ ಮೇಲೆಯೇ ಕಡಿದಿದೆ. ಎಡ ಮೆದುಳಿನಲ್ಲೇ ಮಾತಿನ ಜಾಗವೂ ಇರುವುದರಿಂದ ಮಾತೂ ಹೋಗಿದೆ. ಆದರೆ ಬೆನ್ನಿನ ಬಳ್ಳಿಗೆ ಏನೂ ಆಗಿಲ್ಲ.

“ಹಂಗಾದ್ರ ಕಾಲು ಯಾಕ ಜಾಡಸ್ತಾರ್ರಿ?”

“ಚಕ್ಕಡಿ ಎತ್ತು ಬಾಲಾ ಬೀಸಿ ನೊಣಾ ಹೊಡಕೊಳ್ಳೂದಕ್ಕ ಚಕ್ಕಡಿ ಹೊಡಿಯಾವನ್ನ ಕೇಳತೈತೇನ್ರಿ? ಬಡದ್ರ ಚಿಮ್ಮೂದು, ಸುಟ್ರ ಎಳಕೊಳ್ಳೂದು, ಇದನ್ನ ಬೆನ್ನಿನ ಬಳ್ಳಿ ತಾನ ಮಾಡತೈತಿ. ಮ್ಯಾಲಿಂದ ಅದಕ್ಕ ಒಂದು ಲಗಾಮು ಇರತೈತಿ, ಹೆಚ್ಚು ಕುಣೀಬ್ಯಾಡ ಅಂತ. ಈಗ ಲಗಾಮೂ ಹರದೈತಿ. ಅದಕ್ಕ ಹೆಚ್ಚ ಚಿಮ್ಮತೈತಿ.”

“ಆಕಳಿಕಿ?”

“ಆಕಳಿಕಿ ನಾವು ತರೂದಲ್ಲ, ಅದು ಬರೂದು. ಅದರ ಠಾವು ಕೆಳಗ, ಹೆಡಕಿನ ಹತ್ರ, ಉಸಿರು ನಡಸೋ ಜಾಗದಾಗ ಐತಿ. ಅಲ್ಲಿಂದ ಕೈಗೆ ಬ್ಯಾರೆ ಒಂದು ಹಳೇ ದಾರಿ ಇರಬೇಕು. ಯಾಕ, ಹ್ಯಾಂಗ ಅಂತ ನನಗ ಪೂರಾ ಗೊತ್ತಿಲ್ಲ. ಓದೋವಾಗ ಒಬ್ಬ ರೋಗಿಯೊಳಗ ನೋಡಿದ್ದೆ. ಶಿವಾ ಅನ್ನೂದೂ ಹಂಗ. ಅದು ಅವರು ಹೇಳೋ ಮಾತಲ್ಲ, ಆಕಳಿಕಿ ಜೋಡಿ ಹೊರಗ ಬೀಳೋ ಮಾತು.”

ಹೊರಡುವಾಗ ಡಾಕ್ಟರು ಅಂಗಳದಲ್ಲಿ ನನಗೆ ಹೇಳಿದ್ದು ಇದು. “ಬರಿ ಹಾಕಸಬ್ಯಾಡ್ರಿ. ಸುಟ್ಟರ ಕಾಲು ಖಂಡಿತ ಎಳಕೋತೈತಿ. ಅದು ಬೆನ್ನಿನ ಬಳ್ಳಿ ಕೆಲಸ. ಊರವರು ಸಿಕ್ಕಬಿದ್ದ ಅಂತಾರ. ಗಾಯ ಬಲಿತು ಕೊಳತ್ರ ಜೀವಕ್ಕ ಕಷ್ಟ.”

ಅಂದರೆ ಊರು ಹೂಡಿದ್ದ ಪರೀಕ್ಷೆಯಲ್ಲಿ ದೊಡ್ಡಪ್ಪ ಪಾಸಾಗುವ ದಾರಿಯೇ ಇರಲಿಲ್ಲ. ಲಕ್ವ ಎಷ್ಟು ಖರೆಯೋ ಅಷ್ಟೇ ಖಚಿತವಾಗಿ ಆತ ಸುಳ್ಳನೆನಿಸಿಕೊಳ್ಳುತ್ತಿದ್ದ.

ಅದೇ ಸಂಜೆ ಪಂಚರು, ಯಜಮಾನ, ದೊಡ್ಡವ್ವನ ತಮ್ಮ ಎಲ್ಲರೂ ಬಂದರು. ಡಾಕ್ಟರು ಹೋಗಿಯಾಗಿತ್ತು. ಹೇಳಬೇಕಾದ್ದನ್ನು ನಾನು ಹೇಳಿದೆ. ಕಿರುಬೆರಳಿನಷ್ಟು ದಪ್ಪದ ಬಳ್ಳಿಯ ವಿಷಯ ಅವರಿಗೆ ಹಿಡಿಸಲಿಲ್ಲ. ದೊಡ್ಡವ್ವ ಮುಂದೆ ಬಂದು, “ಮಾತ್ಯಾಕ, ಕಣ್ಣಲೆ ನೋಡ್ರಿ,” ಎಂದು ಸೌಟಿನ ಹಿಡಿಯಿಂದ ಅಂಗಾಲು ಗೀರಿದಳು. ಹೆಬ್ಬೆರಳು ಎದ್ದಿತು.

ಯಜಮಾನ ತೊಡೆ ತಟ್ಟಿಕೊಂಡ. “ನೋಡ್ರೆಪಾ, ಬೆರಳು ಎತ್ತಾಕತ್ತಾನ. ಸತ್ತ ಕಾಲಾಗ ಬೆರಳ ಎಲ್ಲಿಂದ ಬಂತು?”

“ಅದು ತಾನ ಏಳೂದ್ರಿ, ಅವರು ಎತ್ತೂದಲ್ಲ,” ಎಂದೆ.

“ಏ ಪೇಪರಿನವರ, ಕಾಲು ತಾನ ಏಳತೈತಿ, ಕೈ ತಾನ ಏಳತೈತಿ, ಶಿವಾ ಅನ್ನೂದು ತಾನ ಬರತೈತಿ. ಹಂಗಾದ್ರ ನಿಮ್ಮ ದೊಡ್ಡಪ್ಪ ಮಾಡೂದಾರ ಏನೈತಿ? ಡಾಕ್ಟರು ನಿಮ್ಮ ದೋಸ್ತ. ನೀವು ಕರಕೊಂಡ ಬಂದೀರಿ. ನೀವು ಹೇಳಿದ್ದ ಹೇಳತಾನ.”

ನಮ್ಮ ವೃತ್ತಿಯಲ್ಲಿ ನಾನೂ ಇಂಥ ಸಾಕ್ಷಿಯನ್ನು ಹೀಗೆಯೇ ತೂಗುತ್ತಿದ್ದೆ.

ದೊಡ್ಡವ್ವನ ತಮ್ಮ, “ಬರಿ ಯಾಕ, ಇಬ್ಬರು ಹಿಡಕೊಂಡು ನಡಸ್ರಿ. ಕಾಲು ಎಲ್ಲಿ ಬೀಳತೈತೋ ಅಲ್ಲೇ ಕಲ್ಲ ಇಡೂಣು,” ಎಂದ.

“ಹಿಡಕೊಳ್ಳಾವ ನೀನೇನು?” ಎಂದ ಯಜಮಾನ. “ಹಿಡಕೊಂಡಾವ ಎಳದ ಕಡೆ ಕಾಲು ಬೀಳೂದು ನಮಗೇನು ಗೊತ್ತಿಲ್ಲಾ? ಸೋಮವಾರ ಬರಿ ಆಗ್ಲಿ, ಆಮ್ಯಾಲೆ ನೋಡೂಣು.”

ಮಾತು ಬೆಳೆಯಿತು. ದೊಡ್ಡಪ್ಪ ಚೀಲಕ್ಕೆ ಒರಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ “ಆತು, ಆತು” ಎನ್ನುತ್ತಿದ್ದ. ಆಗ ದೊಡ್ಡವ್ವ ಯಜಮಾನನಿಗೆ ಹೇಳಿದ ಮಾತನ್ನು ಆಕೆ ಹೇಳಿದಂತೆಯೇ ಕೊಡುತ್ತೇನೆ.

“ಅಣ್ಣಾರ, ಆ ಮುದುಕನ್ನ ಕರಿಯೂದಕ್ಕಿಂತ ಮದಲ ನಾಳೆ ನೀವು ಬಂದು ಇಲ್ಲಿ ಕುಂದರ್ರಿ. ಮುಂಜಾನಿಂದ ಹೊತ್ತ ಮುಣಗೂತನಕಾ ಕುಂದರ್ರಿ. ಇಲ್ಲೇ ಉಣ್ರಿ. ಅವರ ಮ್ಯಾಲಿಂದ ಕಣ್ಣ ತೆಗೀಬ್ಯಾಡ್ರಿ. ಸಂಜೀಕ ಎದ್ದು, ಸೋಗು ಹಾಕ್ಯಾನ ಅಂತ ಅಂದ್ರ ಬರಿ ಹಾಕಾಕ ಹಿರೇಕೆರೂರಿಂದ ಯಾರೂ ಬರೂದ ಬ್ಯಾಡ. ನಾನ ಹಾಕತೇನಿ.”

ಪಂಚರು ಬರೆಯನ್ನು ಒಂದು ದಿನ ಮುಂದಕ್ಕೆ ಹಾಕಿದರು. ಆಕೆ ಗಂಡನನ್ನು ಉಳಿಸಲು ಆಡಿದ ಮಾತು ಅದು ಎಂದು ಪಂಚರು ತಿಳಿದರು. ನನಗೆ ಹಾಗನಿಸಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿದ ಮೇಲೂ ಆಕೆಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ತನಗಿಂತ ಹೆಚ್ಚು ಅನುಮಾನವಿರುವ ಕಣ್ಣೊಂದು ಆಕೆಗೆ ಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಯಜಮಾನ ಬಂದ. ಕಂಬಳಿ ಹಾಸಿಕೊಂಡು, ದೊಡ್ಡಪ್ಪನ ಎದುರಿನ ಕಂಬಕ್ಕೆ ಬೆನ್ನು ಕೊಟ್ಟು ಕುಳಿತ. ಸವಣೂರಿನ ಎಲೆಯ ಕಟ್ಟು, ಅಡಿಕೆ, ಸುಣ್ಣ ಎಲ್ಲ ತಾನೇ ತಂದಿದ್ದ. ಈ ಮನೆಯ ಅಡಿಕೆಯನ್ನೂ ಮುಟ್ಟಬಾರದೆಂದು ನಿರ್ಧರಿಸಿ ಬಂದಂತಿತ್ತು. ನಾನು ಬಾಗಿಲ ಪಕ್ಕ ಕುಳಿತಿದ್ದೆ.

ಮೊದಲಲ್ಲಿ ಅವನು ಹಲವು ಬಗೆಯಲ್ಲಿ ಪರೀಕ್ಷೆ ಮಾಡಿದ. ಅಡಿಕೆಯ ಹೋಳನ್ನು ದೊಡ್ಡಪ್ಪನ ಬಲಗೈಯ ಕಡೆಗೆ ಎಸೆದ. ಎಡಗೈ ಬಂದು ಅದನ್ನು ಹುಡುಕಿ ಎತ್ತಿಕೊಂಡಿತು. “ನಿನ್ನ ಕರಿ ಎತ್ತು ಹಗ್ಗಾ ಹರಕೊಂಡು ಓಡೇತಿ ನೋಡೋ,” ಎಂದ. ದೊಡ್ಡಪ್ಪ ಗಾಬರಿಯಿಂದ ಏಳಲು ಹೋಗಿ ಬಲಕ್ಕೆ ವಾಲಿ, ತಲೆ ನೆಲಕ್ಕೆ ಬಡಿಯುವುದರಲ್ಲಿತ್ತು. ನಾನು ಹಿಡಿದು ಕೂಡಿಸಿದೆ. ಯಜಮಾನ ಕದಲಲಿಲ್ಲ, ಆದರೆ ಮತ್ತೆ ಎತ್ತಿನ ಸುದ್ದಿ ತೆಗೆಯಲಿಲ್ಲ. ಒಂದು ಇರುವೆ ದೊಡ್ಡಪ್ಪನ ಬಲಗೈ ಹತ್ತಿ ಮೊಣಕೈಯವರೆಗೆ ಹೋಯಿತು. ಇಬ್ಬರೂ ಮುದುಕರು ಅದನ್ನೇ ನೋಡುತ್ತಿದ್ದರು. ಕೊನೆಗೆ ದೊಡ್ಡಪ್ಪ ಎಡಗೈಯಿಂದ ಅದನ್ನು ಹೊಸಕಿದ.

ಊಟದ ಹೊತ್ತಿಗೆ ದೊಡ್ಡವ್ವ ಕರೆದಳು. ಯಜಮಾನ ಒಲ್ಲೆನೆಂದ. “ಬುತ್ತಿ ಕಟಗೊಂಡ ಬಂದೇನಿ,” ಎಂದ. ಬುತ್ತಿಯ ರೊಟ್ಟಿಗೆ ಪಲ್ಯ ಸಾಲದೆ ಬಂದಾಗ ಈ ಮನೆಯ ಝುಣಕವನ್ನು ಬೇಡ ಎನ್ನಲಿಲ್ಲ.

ಉಂಡ ಮೇಲೆ ಬಿಸಿಲು ಏರಿತ್ತು. ದೊಡ್ಡಪ್ಪನ ಕಣ್ಣು ಭಾರವಾದವು. ಆಗ ಆಕಳಿಕೆ ಬಂತು. ಬಾಯಿ ತೆರೆಯುತ್ತಿದ್ದಂತೆ ತೊಡೆಯ ಮೇಲಿದ್ದ ಬಲಗೈ ಮೊಣಕೈಯಲ್ಲಿ ಮಡಚಿ, ನಿಧಾನವಾಗಿ ಎದೆಯನ್ನು ದಾಟಿ ಗದ್ದದ ಹತ್ತಿರಕ್ಕೆ ಬಂತು. “ಶಿವಾ” ಎಂಬುದು ಸ್ಪಷ್ಟವಾಗಿ ಕೇಳಿಸಿತು. ಬಾಯಿ ಮುಚ್ಚಿದ ಕೂಡಲೇ ಕೈ ಒದ್ದೆ ಬಟ್ಟೆಯಂತೆ ಬಿದ್ದಿತು. ನಾನು ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಡಾಕ್ಟರ ವಿವರಣೆ ನನಗೆ ಬಾಯಿಪಾಠವಾಗಿತ್ತು. ಆದರೂ ಆ ಗಳಿಗೆಯಲ್ಲಿ ಅದನ್ನು ಯಾರೋ ಬೇಕೆಂದೇ ಎತ್ತಿದ ಕೈಯೆಂದೇ ನಾನು ಕಂಡೆ.

“ಸಿಕ್ಕತು,” ಎಂದ ಯಜಮಾನ. ಕಂಬ ಹಿಡಿದು ಎದ್ದ. ಹೊರಗೆ ಕಟ್ಟೆಯ ಮೇಲಿದ್ದವರನ್ನು ಕರೆಯಲು ಬಾಗಿಲ ಕಡೆ ತಿರುಗಿದ. ಒಳಗಿನಿಂದ ದೊಡ್ಡವ್ವ ಬಂದು ನಿಂತಳು.

ದೊಡ್ಡಪ್ಪ ನಮ್ಮ ಕಡೆ ನೋಡುತ್ತಿರಲಿಲ್ಲ. ಆತ ತನ್ನ ಕೈಯನ್ನು ನೋಡುತ್ತಿದ್ದ. ಮನೆಗೆ ನುಗ್ಗಿದ ಯಾರದೋ ನಾಯಿಯನ್ನು ನೋಡುವಂತೆ, ಅದು ಮುಂದೇನು ಮಾಡುತ್ತದೆಂದು ಗೊತ್ತಿಲ್ಲದೆ ನೋಡುತ್ತಿದ್ದ. ಎಡಗೈಯಿಂದ ಅದನ್ನು ಎತ್ತಿ ತೊಡೆಯ ಮೇಲೆ ಮೊದಲಿನಂತೆ ಇಟ್ಟ. ಆಮೇಲೆ ಅಗಲವಾಗಿ ಬಾಯಿ ತೆರೆದ. “ಹಾ” ಎಂದು ಉಸಿರೆಳೆದುಕೊಂಡ. ಅದು ಆಕಳಿಕೆಯಲ್ಲ, ಆಕಳಿಕೆಯ ಅಣಕು ಎಂದು ಎಂಥವರಿಗೂ ತಿಳಿಯುತ್ತಿತ್ತು. ಕೈ ಅಲುಗಾಡಲಿಲ್ಲ. ಮತ್ತೆ ಬಾಯಿ ತೆರೆದ. ಭುಜ ಕುಣಿಸಿ, ಕಣ್ಣು ಮುಚ್ಚಿ, ನಿಜವಾದ ಆಕಳಿಕೆಯಲ್ಲಿ ಮಾಡುವಂತೆ ಮುಖ ಕಿವುಚಿ ಉಸಿರೆಳೆದ. ಕೈ ಇದ್ದಲ್ಲೇ ಇತ್ತು. ಮತ್ತೆ, ಮತ್ತೆ. ಸೊಟ್ಟ ಬಾಯಿಯ ಮೂಲೆಯಿಂದ ಜೊಲ್ಲು ಇಳಿಯಿತು. ಆತ ಒರೆಸಿಕೊಳ್ಳಲಿಲ್ಲ. ಪ್ರತಿ ಸಲ ಬಾಯಿ ಮುಚ್ಚಿ ಕೈಯ ಕಡೆ ನೋಡುತ್ತಿದ್ದ.

ಯಜಮಾನ ಬಾಗಿಲ ಹತ್ತಿರ ನಿಂತೇ ಇದ್ದ. ಅಲ್ಲಿಂದಲೇ ಕೇಳಿದ. “ಏನ ಮಾಡಾಕತ್ತಾನ ತಂಗೆವ್ವಾ ಇವ?”

“ದಿನಾ ಮಧ್ಯಾಹ್ನ ಹೀಂಗ ಬಾಯಿ ತಗೀತಾರ್ರಿ,” ಎಂದಳು ದೊಡ್ಡವ್ವ. “ನಾನು ಹಸಿವು ಅಂತ ತಿಳಕೊಂಡು ರೊಟ್ಟಿ ತಿನಸತಿದ್ದೆ.”

“ತಿಂತಿದ್ನೇನು?”

“ತಿಂತಿದ್ರು. ತಿಂದು ಮತ್ತ ತಗೀತಿದ್ರು. ನಾನು ಬೈತಿದ್ದೆ, ಎಷ್ಟ ತಿಂತೀರಿ ಅಂತ.”

ಯಜಮಾನ ಬಂದು ದೊಡ್ಡಪ್ಪನ ಎದುರು ಕುಕ್ಕರಗಾಲಲ್ಲಿ ಕುಳಿತ. “ಏ,” ಎಂದು ಕರೆದ. ದೊಡ್ಡಪ್ಪ ನೋಡಿದ. “ಕೈ ಎಬ್ಬಸಾಕ ಆಕಳಸಾಕತ್ತೀ ಏನೋ?”

“ಆತು,” ಎಂದ ದೊಡ್ಡಪ್ಪ. ಈ ಉತ್ತರಕ್ಕೆ ಅರ್ಥವಿರಲಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆದರೆ ಆತನ ಕಣ್ಣಿಂದ ನೀರು ಇಳಿಯುತ್ತಿತ್ತು.

ಯಜಮಾನ ತೊಡೆಯ ಮೇಲಿದ್ದ ಆ ಬಲಗೈಯನ್ನು ಎತ್ತಿ ತೂಗಿ ನೋಡಿ ಮತ್ತೆ ಇಟ್ಟ. “ಸೋಗು ಹಾಕಾಕತ್ತಾನ, ಸುಳ್ಳಲ್ಲ,” ಎಂದ ನನಗೆ. “ಆದ್ರ ಆಕಳಿಕಿ ಸೋಗು. ಕೈ ಸೋಗಲ್ಲ.”

ಅವನು ಸಂಜೆಯವರೆಗೂ ಕುಳಿತ. ಕೊಟ್ಟ ಮಾತು ಅದು. ಹೊತ್ತು ಮುಳುಗಿದ ಮೇಲೆ ಕಟ್ಟೆಗೆ ಹೋಗಿ ಬರೆ ಬೇಡ ಎಂದು ಹೇಳಿದ. ಯಾಕೆಂದು ಕೇಳಿದವರಿಗೆ ಸರಿಯಾಗಿ ಹೇಳಲು ಅವನಿಗೆ ಬರಲಿಲ್ಲ. ಕಂಡದ್ದನ್ನು ಹೇಳಿದರೆ ಅದು ಸಾಕ್ಷಿಯಂತೆ ಕೇಳಿಸುತ್ತಿರಲಿಲ್ಲ. “ಅವರ ಮನಿ ಝುಣಕಾ ಉಂಡ ಬಂದಾನ,” ಎಂದು ಯಾರೋ ಹಿಂದಿನಿಂದ ಅಂದರಂತೆ. ಅನುಮಾನ ಒಂದು ಮನೆಯಿಂದ ಎದ್ದು ಇನ್ನೊಂದು ಮನೆಯ ಮುಂದೆ ಹೋಗಿ ಕುಳಿತಿತು. ಹಿರೇಕೆರೂರಿನ ಮುದುಕನಿಗೆ ಹೇಳಿ ಕಳಿಸಿದ್ದನ್ನು ಪಂಚರು ಹಿಂದಕ್ಕೆ ತೆಗೆದುಕೊಂಡರು. ಬೇಕು ಎನ್ನುತ್ತಿದ್ದವನೇ ಬೇಡ ಎಂದ ಮೇಲೆ ಅವರಿಗೇನು?

ಮೋಜಣಿಯವರು ಬಂದದ್ದು ಮರುವರ್ಷದ ಬೇಸಿಗೆಯಲ್ಲಿ. ಸರಪಳಿ ಹಿಡಿದು ಅಳೆದು, ಹೊಸ ಬಾಂದಗಲ್ಲು ನೆಟ್ಟು ಹೋದರು. ಗೆರೆ ಬೇವಿನ ಗಿಡದ ಈಚೆಗೆ ಬಂತು, ದೊಡ್ಡವ್ವನ ತಮ್ಮನಿಗೆ ವಿರುದ್ಧವಾಗಿ.

ಅಷ್ಟರಲ್ಲಿ ದೊಡ್ಡಪ್ಪನಿಗೆ ಕಾಲಿನಲ್ಲಿ ಸ್ವಲ್ಪ ಬಲ ಬಂದಿತ್ತು. ಎಡಗೈಯಲ್ಲಿ ಕೋಲು ಹಿಡಿದು, ಬಲಗಾಲನ್ನು ಹೊರಕ್ಕೆ ಅರ್ಧ ಸುತ್ತ ಬೀಸಿ ಬೀಸಿ ಇಡುತ್ತ ಅಂಗಳದವರೆಗೆ ನಡೆಯುತ್ತಿದ್ದ. ಕೈ ಬರಲಿಲ್ಲ. ಮಾತಿನಲ್ಲಿ ನಾಲ್ಕಾರು ಶಬ್ದ ಬಂದಿದ್ದವು. ಹೌದು, ಒಲ್ಲೆ, ನೀರು, ದೊಡ್ಡವ್ವನ ಹೆಸರು. ಹೌದೆಂದರೆ ಹೌದೇ ಆಗಿರುತ್ತಿತ್ತು. ಎಡಗೈಯಿಂದ ಸನ್ನೆ ಮಾಡಿ ಬೇಕಾದದ್ದನ್ನೆಲ್ಲ ತಿಳಿಸುತ್ತಿದ್ದ.

ಕಲ್ಲು ನೆಟ್ಟ ಸುದ್ದಿ ಬಂದ ದಿನ ನಾನು ಊರಲ್ಲಿದ್ದೆ. ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ದೊಡ್ಡವ್ವ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಬದಿಗಿಟ್ಟಳು.

“ಒಂದ ಮಾತ ಕೇಳತೇನಿ,” ಎಂದಳು. “ಅವತ್ತು ಕೈಕಾಲು ನೆಟ್ಟಗಿದ್ವು ಅಂತ ಇಟಗೋರಿ. ಹೆಂಟಿ ಹೊತಗೊಂಡು ನಡೀತಿದ್ರಿ. ಗಿಡದ ಈಚೆ ನಡೀತಿದ್ರೋ, ಆಚೆ ನಡೀತಿದ್ರೋ?”

ಪ್ರಶ್ನೆ ಆತನಿಗೆ ತಿಳಿಯಿತು. ಅದರಲ್ಲಿ ನನಗೆ ಅನುಮಾನವಿಲ್ಲ. ಎರಡು ಕಡೆಯಲ್ಲಿ ಯಾವುದೆಂದು ತೋರಿಸಲು ಒಂದು ಬೆರಳು ಸಾಕಾಗಿತ್ತು, ಎಡಗೈಯ ಐದೂ ಬೆರಳುಗಳು ಚೆನ್ನಾಗಿದ್ದವು. ಆತ ಆಕೆಯನ್ನು ಸ್ವಲ್ಪ ಹೊತ್ತು ನೋಡಿದ. ಕೋಲನ್ನು ಗೋಡೆಗೆ ಒರಗಿಸಿದ. ಎಡಗೈಯನ್ನು ಬಲಗೈಯ ಮೇಲೆ ಇಟ್ಟುಕೊಂಡು ಕುಳಿತ. ಹೌದು, ಒಲ್ಲೆ ಯಾವುದನ್ನೂ ಹೇಳಲಿಲ್ಲ.

ಆ ಎಡಗೈ ತಾನಾಗಿ ಅಲ್ಲಿಗೆ ಹೋದದ್ದಲ್ಲ, ಆತ ಇಟ್ಟದ್ದು. ಅಷ್ಟನ್ನು ನಾನು ಕಂಡದ್ದೆಂದು ಹೇಳಬಲ್ಲೆ. ಮರೆತಿದ್ದನೋ, ಹೇಳಲೊಲ್ಲದೆ ಹೋದನೋ, ಅದು ಗೊತ್ತಾಗುವಂತೆ ಅಂಗಾಲು ಗೀರುವ ಕೀಲಿಕೈ ಯಾವ ಡಾಕ್ಟರ ಚೀಲದಲ್ಲೂ ಇಲ್ಲ. ದೊಡ್ಡವ್ವ ಕಾಯ್ದಳು. ಆಮೇಲೆ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು, ಆತನ ಕಡೆ ನೋಡದೆ, ಕಲ್ಲು ಆರಿಸತೊಡಗಿದಳು.